ಜೆ. ಸಿ. ರಸ್ತೆಯಲ್ಲಿ ಎರಡು ದಿನ

ಮೋಟಾರು ಗಾಡಿಯೊಳಗೆ ಕುಳಿತು ಸಂಗೀತ ಕೇಳುವುದಕ್ಕಾಗಿ ಗೃಹಸ್ಥನೊಬ್ಬನು ಸಂಬಳದ ಹಣವನ್ನು ಕೂಡಿಟ್ಟು ವೆಚ್ಚಮಾಡುವನೆಂದು ಹಿಂದೆ ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಅಂಥವನೊಬ್ಬನು ನಮ್ಮ ಮನೆಯಲ್ಲಿಯೇ ಹುಟ್ಟಿ ಬೆಳೆದುದರಿಂದ ಈಗ ನಂಬದೆ ವಿಧಿಯಿಲ್ಲ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನಮ್ಮ ಕಿರಿಯ ಮಗನಿಗೆ ಗಾಡಿಯ ಬಾಗಿಲುಗಳಲ್ಲಿ ಅಡಗಿಸಿದ ಸ್ಪೀಕರುಗಳ ಚಟ. ಹನ್ನೆರಡು ವರ್ಷದ ಹಳೆಯ ಸಣ್ಣ ಗಾಡಿಯೊಂದನ್ನು ಕೊಂಡು, ಅದರ ಬಣ್ಣ ಮಾಸಿದುದಕ್ಕೆ ಎಳ್ಳಷ್ಟೂ ಚಿಂತಿಸದೆ, ಒಳಗಿನ ನಾದದ ಏರ್ಪಾಡನ್ನು ಮಾತ್ರ ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟುತ್ತಿರುವನು. ಅದಕ್ಕೆ ನಾವು ಶಬ್ದರಥವೆಂದು ಹೆಸರಿಟ್ಟೆವು. ಹೆಸರಿನಲ್ಲಿದ್ದ ಪರಿಹಾಸವನ್ನು ಅವನು ಪ್ರಶಂಸೆಯೆಂದು ತಿಳಿದನು.

ಈ ವ್ಯಸನದ ಮೇಲೆ ನಮಗೆ ಎರಡು ಆಕ್ಷೇಪಣೆಗಳಿದ್ದುವು. ಒಂದು ಹಣದ್ದು, ಅದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು, ಇದರಿಂದ ಮಾತು ಕೆಡುವುದೆಂಬುದು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದ ನಾವು ಕಂಡಂತೆ, ಈಚಿನ ಮಕ್ಕಳು ಶಕಾರ ಷಕಾರ ಸಕಾರಗಳನ್ನು ಒಂದೇ ಮುದ್ದೆಮಾಡಿ ನುಂಗುವರು. ಎಡೆಬಿಡದೆ ಯಂತ್ರದ ಗದ್ದಲವನ್ನು ಕೇಳಿದ ಕಿವಿಯು ಸೂಕ್ಷ್ಮವನ್ನು ಕಳೆದುಕೊಳ್ಳುವುದು, ಕಿವಿ ಕೆಟ್ಟರೆ ನಾಲಗೆ ಕೆಡುವುದು, ಎಂಬುದು ನಮ್ಮ ಸಿದ್ಧಾಂತವಾಗಿದ್ದಿತು. ಇದನ್ನು ಮಗನಿಗೆ ಅನೇಕಾವೃತ್ತಿ ಉಪದೇಶಿಸಿದ್ದೆವು. ಅವನು ಏನೋ ಉತ್ತರ ಹೇಳುವನು. ಅದೂ ನಮಗೆ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ.

ಇಂತಿರಲು ಹೋದ ಮಾಘಮಾಸದಲ್ಲಿ ಒಂದು ಸಂಜೆ ನಂಜನಗೂಡಿನಿಂದ ಹಿಂದಿರುಗುವಾಗ ಗಾಡಿಯೊಳಗೆ ಸುಟ್ಟ ರಬ್ಬರಿನ ವಾಸನೆ ಬಂದಿತು. ಮಗನು ತತ್‌ಕ್ಷಣ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಮುಂದಿನ ಮುಚ್ಚಳವನ್ನೆತ್ತಿ, ಬ್ಯಾಟರಿಯ ತಂತಿಯನ್ನು ಕಳಚಿಬಿಟ್ಟನು. ಹಿಂದಿನ ವರ್ಷ ಯಾವುದೋ ಅಂಗಡಿಯವರು ಆಂಪ್ಲಿಫೈಯರಿಗೆ ಎಳೆದಿದ್ದ ವಿದ್ಯುತ್ತಿನ ತಂತಿಯು ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ, ಹೊದಿಕೆ ಹರಿದು, ಒಳಗಿನ ಲೋಹವು ತಗಡಿಗೆ ತಗುಲಿದ್ದಿತು. ತೂತಿಗೆ ರಬ್ಬರಿನ ಬಳೆಯನ್ನು ತೊಡಿಸಿರಲಿಲ್ಲ. ತಂತಿಯ ಮಧ್ಯೆ ಫ್ಯೂಸನ್ನೂ ಇಟ್ಟಿರಲಿಲ್ಲ. ಹನ್ನೆರಡು ವೋಲ್ಟೆಂದರೆ ಕೈಯಿಂದ ಮುಟ್ಟಿದರೂ ಏನೂ ಮಾಡದ ಸಾಧುವಾದ ವಿದ್ಯುತ್ತೆಂದು ನಾವು ತಿಳಿದಿದ್ದೆವು. ಆದರೆ ಅಡ್ಡದಾರಿಯೊಂದು ಸಿಕ್ಕಿದರೆ ಗಾಡಿಯ ಬ್ಯಾಟರಿಯು ನೂರಾರು ಆಂಪಿಯರುಗಳನ್ನು ಒಮ್ಮೆಗೇ ಸುರಿದುಬಿಡುವುದಂತೆ. ಆ ಪ್ರವಾಹಕ್ಕೆ ತಂತಿಯೇ ಕಬ್ಬಿಣದ ಸಲಾಕೆಯಂತೆ ಕೆಂಪಗೆ ಕಾಯುವುದಂತೆ. ಹಿಂದಿನ ಸೀಟಿನಲ್ಲಿ ನಮ್ಮ ಮೊಮ್ಮಗಳು ನಿದ್ರಿಸುತ್ತಿದ್ದಳು.

ಆ ರಾತ್ರಿ ಮನೆಯಾಕೆ ತೀರ್ಪುಕೊಟ್ಟಳು: ಇರುವುದಾದರೆ ನೆಟ್ಟಗಿರಲಿ, ಇಲ್ಲವಾದರೆ ಎಲ್ಲವನ್ನೂ ಕಿತ್ತು ಗುಜರಿಗೆ ಹಾಕಲಿ. ಮಗನು ಮೊದಲನೆಯದನ್ನು ಆರಿಸಿಕೊಂಡನು. ಅದಕ್ಕೆ ತಕ್ಕ ಸ್ಥಳವು ಬೆಂಗಳೂರಿನ ಜೆ. ಸಿ. ರಸ್ತೆಯೆಂದೂ, ಎರಡು ದಿನಗಳ ಕೆಲಸವೆಂದೂ ಹೇಳಿದನು. ಮೂವತ್ತು ಸಾವಿರ ರೂಪಾಯಿಗೆ ಒಂದು ಕಾಸೂ ಮೀರಕೂಡದೆಂದು ಕಟ್ಟಳೆಮಾಡಿ, ಹಣದ ಚೀಲಕ್ಕೆ ಕಾವಲಾಗಿ ನಾವೂ ಹೊರಟೆವು. ಬಸವನಗುಡಿಯಲ್ಲಿ ತನ್ನ ತಂಗಿಯಿರುವುದರಿಂದ ಮನೆಯಾಕೆಯೂ ಹೊರಟಳು.

ಚೈತ್ರದ ಒಂದು ಮುಂಜಾನೆ ಐದೂವರೆಗೆ ಮೈಸೂರನ್ನು ಬಿಟ್ಟೆವು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಮಂಡ್ಯ ಮದ್ದೂರುಗಳನ್ನೆಲ್ಲ ಬದಿಗೊತ್ತಿ ನೇರವಾಗಿ ಓಡುವುದು. ಕಬ್ಬಿನ ಗದ್ದೆಗಳು ಬಂದುದೂ ಹೋದುದೂ ತಿಳಿಯಲಿಲ್ಲ. ಆದರೆ ವೇಗ ಹೆಚ್ಚಿದಂತೆಲ್ಲ ಚಕ್ರಗಳ ಹೋರು, ಗಾಳಿಯ ಸುಯ್ಲು, ಬಾಗಿಲುಗಳ ಗಡಗಡ ಇವೆಲ್ಲ ಸೇರಿ ಗಾಡಿಯೊಳಗೆ ರಾಗಿ ಬೀಸುತ್ತಿರುವಂತಾಯಿತು. ಆಗ ಮಗನು ಹೇಳಿದ ಒಂದು ಲೆಕ್ಕವು ನಮಗೆ ಹೊಸದು. ಸದ್ದಿನ ಅಳತೆಯು ಡೆಸಿಬೆಲ್ಲು. ಆಂಪ್ಲಿಫೈಯರಿನ ಬಲವನ್ನು ಇಮ್ಮಡಿಮಾಡಿದರೆ ಏರುವುದು ೩ ಡೆಸಿಬೆಲ್ಲು ಮಾತ್ರ. ಕಿವಿಗೆ ಇಮ್ಮಡಿಯಾಯಿತೆಂದು ತೋರಬೇಕಾದರೆ ಬಲವು ಸುಮಾರು ಹತ್ತರಷ್ಟಾಗಬೇಕು. ಗಾಡಿಯ ಗದ್ದಲವನ್ನು ಮೀರಿಸಲು ಹಾಡನ್ನು ಏರಿಸುತ್ತ ಹೋಗುವವನು ಹಣವನ್ನೂ ಕಳೆಯುವನು, ಕಿವಿಯನ್ನೂ ಕಳೆಯುವನು. ಗದ್ದಲವನ್ನೇ ತಗ್ಗಿಸುವುದು ಅಗ್ಗ. ಇಂತಹ ವಿವೇಕವು ಅವನ ತಲೆಯಲ್ಲಿರುವುದೆಂದು ನಾವು ಎಣಿಸಿರಲಿಲ್ಲ.

ಕೆಂಗೇರಿಯನ್ನು ದಾಟಿದ ಮೇಲೆ ಬೆಂಗಳೂರಿನ ಜನಜಂಗುಳಿಯನ್ನು ವರ್ಣಿಸುವುದು ವ್ಯರ್ಥ. ಅದು ವಾಚಕರೆಲ್ಲರ ಅನುಭವದಲ್ಲಿಯೇ ಇರುವುದು. ಮನೆಯಾಕೆಯನ್ನು ಬಸವನಗುಡಿಯಲ್ಲಿ ಇಳಿಸಿ ಹತ್ತು ಗಂಟೆಗೆ ಪುರಭವನದ ಬಳಿಗೆ ಬಂದೆವು. ೧೯೩೫ರಲ್ಲಿ ಕಟ್ಟಿ ಮುಗಿಸಿದ ಆ ಕಂಬಸಾಲಿನ ಮಂದಿರದಿಂದ ಮಿನರ್ವಾ ವೃತ್ತದವರೆಗೆ ಹಬ್ಬಿರುವುದೇ ಜಯಚಾಮರಾಜೇಂದ್ರ ರಸ್ತೆ. ೧೯೮೦ರ ದಶಕದಲ್ಲಿ ನಾವು ವಿದ್ಯಾರ್ಥಿಗಳಾಗಿದ್ದಾಗ ಇದೇ ರಸ್ತೆಗೆ ಎಷ್ಟೋ ಸಲ ಬಂದಿದ್ದೆವು. ಆದರೆ ನಮಗೆ ಕಾಣುತ್ತಿದ್ದುದು ರವೀಂದ್ರ ಕಲಾಕ್ಷೇತ್ರವೊಂದೇ. ಟಿಕೀಟು ಕೊಂಡು ನಾಟಕ ನೋಡಿ ನಡುರಾತ್ರಿಗೆ ನಡೆದುಹೋಗುವಾಗ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತಿದ್ದುವು. ಆ ಹಾಕಿದ ಬಾಗಿಲುಗಳ ಹಿಂದೆ ಏನಿದ್ದಿತೆಂಬುದನ್ನು ನಲವತ್ತು ವರ್ಷಗಳ ತರುವಾಯ ಕಂಡೆವು. ಗಾಡಿಗಳ ಕನ್ನಡಿಗಳು, ದೀಪಗಳು, ಕೊಂಬುಗಳು, ಸೀಟಿನ ಹೊದಿಕೆಗಳು, ಬ್ರೇಕಿನ ತಟ್ಟೆಗಳು. ಒಂದು ಗಾಡಿಯನ್ನು ಅಂಗಾಂಗವಾಗಿ ಬಿಚ್ಚಿ ಮೈಲಿಯುದ್ದಕ್ಕೂ ಹರವಿದಂತೆ ತೋರುವುದು. ಕಾಲುದಾರಿಯ ಮೇಲೆಯೇ ಕುಕ್ಕರುಗಾಲಿನಲ್ಲಿ ಕುಳಿತ ಹುಡುಗರು ಹತ್ತು ನಿಮಿಷದಲ್ಲಿ ದೀಪ ಬದಲಿಸಿ ಕೊಡುವರು.

ಮೊದಲು ಹೋದುದು ಸಮೀಪದ ಎಸ್. ಪಿ. ರಸ್ತೆಗೆ, ತಂತಿಯನ್ನು ಕೊಳ್ಳಲು. ಅಲ್ಲಿ ನಾವು ಕಲಿತ ಪಾಠವನ್ನು ಗೃಹಸ್ಥರೆಲ್ಲರೂ ಅರಿತಿರುವುದು ಒಳ್ಳೆಯದು. ತಂತಿಯ ದಪ್ಪವನ್ನು ಗೇಜೆಂಬ ಅಂಕೆಯಿಂದ ಹೇಳುವರು; ಅಂಕೆ ಕಡಮೆಯಾದಷ್ಟೂ ತಂತಿ ದಪ್ಪ. ಈ ವಿಪರೀತ ಕ್ರಮವನ್ನು ಯಾರು ಕಲ್ಪಿಸಿದರೋ ಅರಿಯೆವು. ನಮ್ಮ ಕೆಲಸಕ್ಕೆ ೮ ಗೇಜಿನದು ಬೇಕಾಗಿದ್ದಿತು. ಎರಡು ಸುರುಳಿಗಳನ್ನು ಮುಂದಿಟ್ಟರು. ನೋಟಕ್ಕೆ ಒಂದೇ, ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ನಾವು ಸಹಜವಾಗಿಯೇ ಅಗ್ಗದ್ದಕ್ಕೆ ಕೈಹಾಕಿದೆವು. ಮಗನು ಎರಡನ್ನೂ ಎತ್ತಿ ನೋಡೆಂದನು, ಅಗ್ಗದ್ದು ಹಗುರ. ಬಳಿಕ ಚೂರಿಯಿಂದ ಒಂದೆಳೆಯನ್ನು ಕೆರೆಯಲು ಮೇಲಿನ ತಾಮ್ರದ ಹೊರಪೊರೆ ಹೋಗಿ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ ಕಾಣಿಸಿತು. ಅಲ್ಯೂಮಿನಿಯಮ್ಮಿನ ವಾಹಕಶಕ್ತಿ ತಾಮ್ರಕ್ಕಿಂತ ಕಡಮೆಯಾದುದರಿಂದ, ಅದೇ ದಪ್ಪದ ತಂತಿಯಲ್ಲಿ ಅದೇ ಪ್ರವಾಹವು ಹರಿದರೆ ಹೆಚ್ಚು ಕಾಯುವುದು. ಅಂಗಡಿಯವನು ನಕ್ಕು, ಕೇಳಿದವರಿಗೆ ಕೇಳಿದ್ದನ್ನೇ ಕೊಡುತ್ತೇವೆ ಸ್ವಾಮಿ ಎಂದನು. ನಂಜನಗೂಡಿನ ರಸ್ತೆಯಲ್ಲಿ ಹೊಗೆಯಾಡಿದ ತಂತಿಯ ತುಂಡೊಂದನ್ನು ಮಗನು ಜೇಬಿನಲ್ಲಿಟ್ಟುಕೊಂಡು ಬಂದಿದ್ದನು. ಅದನ್ನು ಕೆರೆದು ನೋಡಿದೆವು. ಅದೂ ಬೆಳ್ಳಗಿದ್ದಿತು. ಚೀಲದ ಬಾಯಿಯನ್ನು ನಾವೇ ಬಿಚ್ಚಿ ತಾಮ್ರದ ಬೆಲೆಯನ್ನು ಎಣಿಸಿದೆವು.

ಶಬ್ದರಥದ ಶಿಲ್ಪಿಯು ಜೆ. ಸಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿದ್ದನು. ಐವತ್ತೈದರ ಸಾಹೇಬರು, ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೊಂದು ಪೆನ್ಸಿಲು. ಅಂಗಡಿಯ ಅಟ್ಟದ ಮೇಲೆ ಹಳೆಯ ವಾಲ್ವಿನ ಗಾಡಿರೇಡಿಯೋ ಒಂದನ್ನು ಅಲಂಕಾರಕ್ಕಾಗಿ ಇಟ್ಟಿದ್ದರು. ನಾವು ಅದನ್ನು ದೃಷ್ಟಿಸುತ್ತಿರುವುದನ್ನು ಕಂಡು, ಮಗನು ಈ ವಿದ್ಯೆಯ ವಂಶಾವಳಿಯನ್ನು ಬಿಚ್ಚಿದನು. ೧೯೩೦ರಲ್ಲಿ ಚಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಎಂಬ ವರ್ತಕನು ತನ್ನ ಸ್ಟುಡಿಬೇಕರ್ ಗಾಡಿಯಲ್ಲಿ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮಾವೇಶಕ್ಕೆ ಹೋದನಂತೆ. ಒಳಗೆ ಮಳಿಗೆ ಹಿಡಿದಿರಲಿಲ್ಲವಾಗಿ, ಗಾಡಿಯನ್ನು ಹೊರಗೇ ನಿಲ್ಲಿಸಿ, ರೇಡಿಯೋವನ್ನು ಗಟ್ಟಿಯಾಗಿ ಹಾಡಿಸಿ ಗಿರಾಕಿಗಳನ್ನು ಕೂಡಿಸಿದನಂತೆ. ಮೋಟೊರೋಲಾ ಎಂಬ ಹೆಸರು ಹುಟ್ಟಿದುದು ಹಾಗೆ. ೧೯೫೬ರಲ್ಲಿ ಕ್ರೈಸ್ಲರ್ ಕಂಪೆನಿಯವರು ಗಾಡಿಯಲ್ಲಿ ಗ್ರಾಮಫೋನನ್ನೇ ಕೂರಿಸಿದರು. ನಿಮಿಷಕ್ಕೆ ಹದಿನಾರೂ ಮೂರರಲ್ಲೆರಡು ಸುತ್ತು ತಿರುಗುವ ತಟ್ಟೆಗಳು. ಅದು ನಡೆಯಲಿಲ್ಲವೆಂಬುದು ಊಹಿಸತಕ್ಕದ್ದೇ. ೧೯೬೩ರಲ್ಲಿ ಫಿಲಿಪ್ಸಿನವರ ಕ್ಯಾಸೆಟ್ಟು ಬಂದ ಮೇಲೆ ಗಾಡಿಯ ಸಂಗೀತಕ್ಕೆ ಕಾಲು ಬಂದಿತು. ಇದನ್ನೆಲ್ಲ ಕೇಳಿ ನಾವೂ ಸುಮ್ಮನಿರಲಾರದೆ, ೧೯೩೫ರಲ್ಲಿಯೇ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ವಂತ ವೆಚ್ಚದಿಂದ ಬಾನುಲಿ ನಿಲಯವನ್ನು ನಡೆಸಿದ್ದರೆಂಬುದನ್ನು ಜ್ಞಾಪಿಸಿದೆವು. ಸಾಹೇಬರು, ಹಾಗಾದರೆ ಅವರ ಮನೆಯವರೂ ಬೈದಿರಬೇಕು ಎಂದರು.

ಸಾಹೇಬರು ಗಾಡಿಯನ್ನು ಪರೀಕ್ಷಿಸಿದ ಕ್ರಮವು ನೋಡತಕ್ಕದ್ದು. ಬಾಗಿಲನ್ನು ಗೆಣ್ಣಿನಿಂದ, ಹಲಸಿನ ಹಣ್ಣನ್ನು ಬಡಿದು ನೋಡುವಂತೆ, ಅಲ್ಲಲ್ಲಿ ಬಡಿದರು. ಟಣ್ ಎಂದಿತು. ತಲೆಯಾಡಿಸಿದರು. ಮಗನು ಹಿಂಭಾಗದಲ್ಲಿ ಮಂದ್ರಧ್ವನಿಯ ಪೆಟ್ಟಿಗೆಯೊಂದನ್ನು, ಎಂದರೆ ಸಬ್‌ವೂಫರನ್ನು, ಇಡಬೇಕೆಂದು ಆಶೆಪಟ್ಟಿದ್ದನು. ಸಾಹೇಬರು ಅದು ಬೇಡವೆಂದರು. “ಮೊದಲು ಗಾಡಿ ಸುಮ್ಮನಾಗಲಿ, ಆಮೇಲೆ ಹಾಡಲಿ.” ಒಂದು ಮಾಲನ್ನು ಮಾರುವುದನ್ನು ಬಿಟ್ಟು ಬೇಡವೆನ್ನುವ ವರ್ತಕನನ್ನು ಕಂಡು ನಮಗೆ ಆಶ್ಚರ್ಯವೂ ಗೌರವವೂ ಉಂಟಾದುವು.

ಬಾಗಿಲಿನ ಒಳಹಲಗೆಯನ್ನು ಕಳಚಿದಾಗ ಕಂಡುದೇನು? ತಗಡಿನಲ್ಲಿ ತಟ್ಟೆಯಗಲದ ತೂತುಗಳು; ಅವುಗಳ ಮೇಲೊಂದು ತೆಳುವಾದ ಪ್ಲಾಸ್ಟಿಕ್ಕು. ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿಯನ್ನು ಒತ್ತುವುದು. ಅದೇ ಕ್ಷಣದಲ್ಲಿ ಹಿಂದಿನ ಗಾಳಿಯನ್ನು ಸಡಿಲಿಸುವುದು. ಮುಂದಿನ ಅಲೆ ಒಂದು, ಹಿಂದಿನ ಅಲೆ ಅದಕ್ಕೆ ಪ್ರತಿಕೂಲವಾದುದು ಇನ್ನೊಂದು. ಹಿಂದಿನದು ತೂತುಗಳ ಮೂಲಕ ಹೊರಬಂದು ಮುಂದಿನದನ್ನು ಸಂಧಿಸಿದರೆ ಎರಡೂ ನಾಶವಾಗುವುವು. ಮಂದ್ರಧ್ವನಿಯಲ್ಲಿ ಇದು ವಿಶೇಷ. ಒಂದೇ ಬಸಿರಿನ ಸೋದರರು ಒಬ್ಬರನ್ನೊಬ್ಬರು ಕೊಂದುಕೊಂಡ ಸುಂದೋಪಸುಂದ ನ್ಯಾಯವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆವೋ ಲೆಕ್ಕವಿಲ್ಲ. ಅದರ ದೃಷ್ಟಾಂತವು ಗಾಡಿಯ ಬಾಗಿಲಿನಲ್ಲಿ ದೊರೆಯುವುದೆಂದು ಎಣಿಸಿರಲಿಲ್ಲ. ಸಾಹೇಬರಿಗೆ ಕಥೆಯನ್ನು ಹೇಳಿದಾಗ ಅವರು, “ಅದಕ್ಕೇ ನಡುವೆ ಗೋಡೆ ಕಟ್ಟುತ್ತೇನೆ, ಮಾಸ್ತರೇ” ಎಂದರು.

ಗೋಡೆ ಕಟ್ಟುವ ಸಾಮಗ್ರಿಯು ಬ್ಯುಟೈಲ್ ರಬ್ಬರಿನ ಹಾಳೆ. ಒಂದು ಮುಖಕ್ಕೆ ಅಲ್ಯೂಮಿನಿಯಂ ಹೊದಿಕೆ, ಇನ್ನೊಂದು ಮುಖ ಅಂಟು. ಹೊರತಗಡಿಗೆ ಅದನ್ನು ಅಂಟಿಸಿ ಸಣ್ಣ ಉರುಳೆಯಿಂದ ಚಪಾತಿ ಲಟ್ಟಿಸುವಂತೆ ಒತ್ತುವರು. ತಗಡಿನ ಕಂಪನವು ರಬ್ಬರಿನಲ್ಲಿ ಸವೆದು ಅಲ್ಪವಾದ ಶಾಖವಾಗಿ ಅಡಗುವುದು. ಒಳತಗಡಿನ ತೂತುಗಳನ್ನೂ ಮುಚ್ಚುವರು. ಆದರೆ ಬಾಗಿಲಿನ ತಳದಲ್ಲಿ ಮಳೆನೀರು ಸೋರಿಹೋಗುವ ಕಂಡಿಗಳನ್ನು ಮಾತ್ರ ಮುಚ್ಚಕೂಡದು, ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುವುದು. ನಾಲ್ಕು ಬಾಗಿಲುಗಳಿಗೆ ಇಡೀ ಮಧ್ಯಾಹ್ನ ಹಿಡಿಯಿತು. ತಂದೆ ಮಕ್ಕಳು ಒಂದು ಕೆಲಸದಲ್ಲಿ ಹೀಗೆ ಎದುರುಬದುರಾಗಿ ಕುಳಿತು ಎಷ್ಟು ವರ್ಷಗಳಾಗಿದ್ದುವೋ! ಮೂರನೆಯ ಬಾಗಿಲಿಗೆ ನಾವೇ ಉರುಳೆ ಹಿಡಿದೆವು. ಮುಗಿದ ಮೇಲೆ ಬಡಿದರೆ ಟಣ್ ಎನ್ನುತ್ತಿದ್ದ ಬಾಗಿಲು ದಪ್ ಎಂದಿತು. ಮುಚ್ಚಿದರೆ ಮರದ ಪೆಟ್ಟಿಗೆಯ ಮುಚ್ಚಳದಂತೆ ಕೂರುವುದು. ಅಷ್ಟರಿಂದಲೇ ಹಳೆಯ ಸ್ಪೀಕರುಗಳಲ್ಲಿ ಮೃದಂಗದ ಎಡಗಡೆಯ ಗುಮುಕು ಮೊದಲ ಬಾರಿಗೆ ಕೇಳಿಸಿತು. ಸಬ್‌ವೂಫರಿನ ಮಾತನ್ನು ಮಗನು ಮತ್ತೆ ಎತ್ತಲಿಲ್ಲ.

ವಿದ್ಯುತ್ತಿನ ತಂತಿಯನ್ನು ಎಳೆಯುವಾಗ ನಾವು ಕಣ್ಣು ಮಿಟುಕಿಸದೆ ನಿಂತಿದ್ದೆವು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ೩೦ ಆಂಪಿಯರಿನ ಫ್ಯೂಸು; ತಗಡಿನ ತೂತಿಗೆ ರಬ್ಬರಿನ ಬಳೆ; ಅದರ ಮೇಲೆ ಸುರುಳಿ ಕೊಳವೆ. ಫ್ಯೂಸು ಇರುವುದು ಆಂಪ್ಲಿಫೈಯರನ್ನು ಕಾಯುವುದಕ್ಕೆಂದು ನಾವು ತಿಳಿದಿದ್ದೆವು. ಅದಲ್ಲ, ಅದು ತಂತಿಯನ್ನೂ ಗಾಡಿಯಲ್ಲಿ ಕುಳಿತವರನ್ನೂ ಕಾಯುವುದಕ್ಕೆ. ಆದುದರಿಂದಲೇ ಅದು ಬ್ಯಾಟರಿಯ ಹತ್ತಿರ ಇರಬೇಕು, ಆಂಪ್ಲಿಫೈಯರಿನ ಹತ್ತಿರ ಅಲ್ಲ. ವಾಚಕರ ಮನೆಯಲ್ಲಿ ಇಂತಹ ಗಾಡಿಯಿದ್ದರೆ ಮುಚ್ಚಳವನ್ನೆತ್ತಿ ಈ ಒಂದನ್ನು ನೋಡಿಕೊಳ್ಳುವುದು ಲೇಸು.

ಸಂಜೆ ಎಲ್ಲವನ್ನೂ ಜೋಡಿಸಿ ಇಂಜಿನನ್ನು ಚಾಲನೆಮಾಡಿದಾಗ ಮಗನೂ ಸಾಹೇಬರೂ ಏಕಕಾಲದಲ್ಲಿ ಮುಖ ಸಿಂಡರಿಸಿದರು. ಸೀಟಿಯಂತಹ ಸಣ್ಣ ಸದ್ದೊಂದು ಬರುತ್ತಿದೆಯೆಂದೂ, ಇಂಜಿನಿನ ವೇಗದೊಡನೆ ಏರುತ್ತಿದೆಯೆಂದೂ, ಅದು ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರಿನ ಕರಕರೆಯು ಸ್ಪೀಕರಿಗೆ ನುಸುಳಿದುದೆಂದೂ ಹೇಳಿದರು. ನಮಗೆ ಏನೂ ಕೇಳಿಸಲಿಲ್ಲ. ಅವರು ಆಂಪ್ಲಿಫೈಯರಿನ ನೆಲತಂತಿಯನ್ನು ಬಿಚ್ಚಿ, ತಗಡಿನ ಬಣ್ಣವನ್ನು ಹೊಳೆಯುವಂತೆ ಕೆರೆದು, ಮತ್ತೆ ಬಿಗಿದು, ಈಗ ಹೋಯಿತು ಎಂದರು. ಆಗಲೂ ನಮಗೆ ಏನೂ ಕೇಳಿಸಲಿಲ್ಲ. ಇದು ಕಾಗೆಯ ಹಲ್ಲೆಣಿಸುವ ಕಾಕದಂತಪರೀಕ್ಷೆಯೆಂದು ನಾವು ಮನಸ್ಸಿನಲ್ಲಿಯೇ ನಕ್ಕೆವು.

ಮರುದಿನ ಬೀದಿಯ ಗದ್ದಲ ಏಳುವ ಮೊದಲು ಶ್ರುತಿಮಾಡುವ ಕೆಲಸ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಮನೆಯಲ್ಲಿ ನಾವು ಎರಡು ಸ್ಪೀಕರುಗಳ ನಡುವೆ ಸಮದೂರದಲ್ಲಿ ಕೂರಬಹುದು. ಗಾಡಿಯಲ್ಲಿ ನಡೆಸುವವನು ಬಲಮಗ್ಗುಲಿಗೇ ಕೂರಬೇಕು. ಮಗನು ಟೇಪು ಹಿಡಿದು ಅಳೆದನು: ಅವನ ತಲೆಯಿಂದ ಬಲಬಾಗಿಲಿನ ಸ್ಪೀಕರಿಗೆ ೯೫ ಸೆಂಟಿಮೀಟರು, ಎಡಬಾಗಿಲಿನದಕ್ಕೆ ೧೩೮. ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುವುದರಿಂದ ಎಡಗಡೆಯದು ಸೆಕೆಂಡಿನ ಸಾವಿರದಲ್ಲಿ ಒಂದೂಕಾಲು ಪಾಲಿನಷ್ಟು ತಡವಾಗಿ ಬರುವುದು. ಇಷ್ಟು ಅಲ್ಪವಾದ ಕಾಲವನ್ನು ಬುದ್ಧಿಯು ಅರಿಯದು. ಆದರೆ ಕಿವಿ ಅರಿಯುವುದು, ಗಾಯಕನು ಬಲಬಾಗಿಲಿನಲ್ಲಿ ತೂಗುಬಿದ್ದಿರುವನೆಂದು ಭ್ರಮಿಸುವುದು. ಹೊಸ ಆಂಪ್ಲಿಫೈಯರಿನೊಳಗಿನ ಗಣಕವು ಬಲಗಡೆಯ ಧ್ವನಿಯನ್ನು ಅಷ್ಟೇ ಕಾಲ ತಡೆದು ಬಿಡುವುದು. ಮಗನು ಫೋನಿನಲ್ಲಿ ಅಂಕೆಯನ್ನು ಬದಲಿಸಿದ ಕೂಡಲೇ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯು ಬಾಗಿಲಿನಿಂದ ಎದ್ದು ಬಂದು ಎದುರಿನ ಗಾಜಿನ ನಡುವೆ ಕುಳಿತಿತು. ಬಾಲ್ಯದಲ್ಲಿ ಆ ವೀಣೆಯನ್ನು ಎದುರಿಗೆ ಕುಳಿತು ಕೇಳಿದವರು ನಾವು. ಮೈನವಿರೆದ್ದಿತೆಂದು ಹೇಳಲು ನಾಚಿಕೆಪಡೆವು.

ಶಬ್ದವು ಹರಡುವ ಬಗೆಗೆ ನಮ್ಮ ನೈಯಾಯಿಕರು ಎರಡು ಉಪಮಾನಗಳನ್ನು ಕೊಟ್ಟಿರುವರು. ಒಂದು, ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟುವ ವೀಚೀತರಂಗ ನ್ಯಾಯ. ಇನ್ನೊಂದು, ಕದಂಬದ ಮೊಗ್ಗಿನ ಕೇಸರಗಳು ಸುತ್ತಲೂ ಒಮ್ಮೆಗೇ ಅರಳುವ ಕದಂಬಮುಕುಲ ನ್ಯಾಯ. ಮಂದ್ರಧ್ವನಿಯು ಕದಂಬದಂತೆ ಎಲ್ಲ ಕಡೆಗೂ ಹರಡುವುದರಿಂದ ಅದರ ಪೆಟ್ಟಿಗೆ ಎಲ್ಲಿದ್ದರೂ ಸಲ್ಲುವುದೆಂದೂ, ತಾರಧ್ವನಿಯು ದೀಪದ ಕಿರಣದಂತೆ ನೇರವಾಗಿ ಹೋಗುವುದರಿಂದ ಟ್ವೀಟರೆಂಬ ಸಣ್ಣ ಸ್ಪೀಕರು ಕಿವಿಯ ಕಡೆಗೇ ಮುಖಮಾಡಿರಬೇಕೆಂದೂ ಮಗನು ಹೇಳಿದನು. ಹಾಗೆ ಮುಖ ತಿರುಗಿಸಿದ ಟ್ವೀಟರನ್ನು ಪರೀಕ್ಷಿಸುವುದಕ್ಕಾಗಿ ಒಂದೊಂದೇ ಶುದ್ಧಸ್ವರವನ್ನು ನುಡಿಸುತ್ತ ಹೋದನು. ಸೆಕೆಂಡಿಗೆ ೧,೦೦೦ ಕಂಪನ, ಕೇಳಿಸಿತು. ೨,೦೦೦, ಕೇಳಿಸಿತು. ೪,೦೦೦, ದೂರದಲ್ಲಿ ಯಾರೋ ನುಡಿಸಿದಂತೆ. ೮,೦೦೦ ಎಂದನು. ನಾವು, ಇನ್ನೂ ನುಡಿಸಲಿಲ್ಲವೇಕೆ ಎಂದು ಕೇಳಿದೆವು.

ಅವನು ನಮ್ಮನ್ನು ನೋಡಿದನು. ನುಡಿಸುತ್ತಿದೆ ಅಪ್ಪ ಎಂದನು.

ಸಾಹೇಬರು ಕಿವಿಗೆ ಬೆರಳಿಟ್ಟುಕೊಂಡಿದ್ದರು. ಹೊರಗೆ ಚಹಾ ತಂದ ಹುಡುಗನು ಸಹ ಇದೇನು ಸೀಟಿಯೆಂದು ಬಗ್ಗಿ ನೋಡಿದನು. ನಮ್ಮ ಪಾಲಿಗೆ ಗಾಡಿಯು ನಿಶ್ಶಬ್ದವಾಗಿದ್ದಿತು.

ವಯಸ್ಸಾದಂತೆ ತಾರಧ್ವನಿಗಳು ಮೊದಲು ಅಳಿಯುವುವೆಂದೂ, ಇದು ಎಲ್ಲರಿಗೂ ಸಂಭವಿಸುವುದೆಂದೂ, ಕೆಲವರಿಗೆ ಹೆಚ್ಚೆಂದೂ ಮಗನು ಸಮಾಧಾನ ಹೇಳಿದನು. ನಮ್ಮ ಮನಸ್ಸು ಅಲ್ಲಿರಲಿಲ್ಲ. ಶಕಾರ ಸಕಾರಗಳನ್ನು ಬೇರ್ಪಡಿಸುವ ಉಸಿರಿನ ಸೂಕ್ಷ್ಮವು ಯಾವ ಎತ್ತರದಲ್ಲಿರುವುದೆಂದು ಕೇಳಿದೆವು. ಸಕಾರದ ಸತ್ತ್ವವೆಲ್ಲ ನಾಲ್ಕೈದು ಸಾವಿರದಿಂದ ಮೇಲಕ್ಕೆ. ಶಕಾರದ್ದು ಅದಕ್ಕಿಂತ ಕೆಳಗೆ. ಎಂದರೆ ನಮ್ಮ ಕಿವಿಗೆ ಮೇಲಿನದು ಹೋದ ಮೇಲೆ ಎರಡೂ ಒಂದೇ. ಮಕ್ಕಳು ಮುದ್ದೆಮಾಡಿರಲಿಲ್ಲ.

ಮೂರು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ನಡೆದ ಶ್ಲೋಕಪಠನದ ಸ್ಪರ್ಧೆಗೆ ನಾವೇ ತೀರ್ಪುಗಾರರು. ಎಂಟನೆಯ ತರಗತಿಯ ಒಬ್ಬ ಹುಡುಗಿ, ಗಾರೆ ಕೆಲಸದವರ ಮಗಳು, ಇಪ್ಪತ್ತು ಶ್ಲೋಕಗಳನ್ನು ತಡವರಿಸದೆ ಹೇಳಿದಳು. ಸಕಾರಗಳೆಲ್ಲ ಶಕಾರವಾಗಿವೆಯೆಂದು ಐದು ಅಂಕಗಳನ್ನು ಕಳೆದೆವು. ಪ್ರಥಮ ಬಹುಮಾನವು ಇನ್ನೊಬ್ಬರಿಗೆ ಹೋಯಿತು. ಸರಿಯಾಗಿಯೇ ಹೇಳಿದೆ ಸಾರ್ ಎಂದು ಅವಳು ಬಾಗಿಲವರೆಗೂ ಬಂದು ಹೇಳಿದಳು. ಎದುರುತ್ತರ ಕೊಡಬಾರದೆಂದು ಗದರಿಸಿ ಕಳುಹಿದೆವು.

ನಾವು ಎಷ್ಟು ಹೊತ್ತು ಸುಮ್ಮನೆ ಕುಳಿತೆವೋ ತಿಳಿಯದು. ಮಗನು ಏನೂ ಕೇಳಲಿಲ್ಲ. ಮತ್ತೆ ಸ್ವರಗಳನ್ನು ನುಡಿಸಿ, ನಮಗೆ ಎಷ್ಟು ಕೇಳಿಸುವುದೆಂದು ಒಂದೊಂದಕ್ಕೂ ಗುರುತುಹಾಕಿಕೊಂಡು, ಮೂರು ಸಾವಿರದಿಂದ ಮೇಲಿನದನ್ನು ಹಂತಹಂತವಾಗಿ ಏರಿಸಿ, ಅದನ್ನು ಎರಡನೆಯ ಅಂಕೆಯೆಂದು ಯಂತ್ರದಲ್ಲಿ ಕಾದಿಟ್ಟನು. ಒಂದನೆಯದು ಅವನದು, ಎರಡನೆಯದು ನಮ್ಮದು. ಬಳಿಕ ಎಂ. ಎಸ್. ಸುಬ್ಬುಲಕ್ಷ್ಮಿಯವರ ವಿಷ್ಣುಸಹಸ್ರನಾಮವನ್ನು ಹಾಕಿದನು. ಮನೆಯಲ್ಲಿ ಪ್ರತಿದಿನವೂ ಕೇಳುವ ಮುದ್ರಣವದು. ಒಂದರಲ್ಲಿ ಎಂದಿನಂತಿದ್ದಿತು. ಎರಡಕ್ಕೆ ತಿರುಗಿಸಿದಾಗ ಸಕಾರಗಳು ಬಂದುವು. ಸ್ವಲ್ಪ ಒರಟಾಗಿಯೇ ಬಂದುವು, ಗರಗಸದಿಂದ ಕೊಯ್ದಂತೆ, ಆದರೆ ಬಂದುವು. ಇದು ಚಿಕಿತ್ಸೆಯಲ್ಲ, ಕನ್ನಡಕದಂತೆಯೂ ಅಲ್ಲ, ಹೋದುದರಲ್ಲಿ ಅಷ್ಟಿಷ್ಟು ಮಾತ್ರ ಹೀಗೆ ದೊರೆಯುವುದು, ಹೆಚ್ಚು ಗಟ್ಟಿಮಾಡಿದರೆ ಉಳಿದುದಕ್ಕೂ ಕೇಡು ಎಂದು ಮಗನು ಎಚ್ಚರಿಸಿದನು.

ಲೆಕ್ಕ ಕೂಡಿದಾಗ ಮೂವತ್ತನಾಲ್ಕು ಸಾವಿರದ ಇನ್ನೂರು. ನಾಲ್ಕು ಸಾವಿರದ ಇನ್ನೂರನ್ನು ಮಗನೇ ಕೊಡಲು ಬಂದನು. ಕಟ್ಟಳೆಯನ್ನು ಮಾಡಿದವರೇ ಮುರಿಯಬಹುದೆಂದು ಹೇಳಿ ನಾವೇ ಕೊಟ್ಟೆವು. ಅಷ್ಟರಲ್ಲಿ ಗಲ್ಲಿಗೆ ಇನ್ನೊಂದು ಗಾಡಿ ಬಂದಿತು. ಹಿಂಭಾಗದ ತುಂಬ ಮಂದ್ರಧ್ವನಿಯ ಪೆಟ್ಟಿಗೆಗಳು. ಬೀದಿಯ ಕಿಟಕಿಗಳೆಲ್ಲ ನಡುಗಿದುವು. ಈ ಹವ್ಯಾಸಿಗಳಲ್ಲಿ ಎರಡು ಪಂಥಗಳಂತೆ. ನಾದದ ಗುಣಕ್ಕಾಗಿ ಸ್ಪರ್ಧಿಸುವವರು ಒಬ್ಬರು, ಸದ್ದಿನ ಬಲಕ್ಕಾಗಿ ಸ್ಪರ್ಧಿಸುವವರು ಇನ್ನೊಬ್ಬರು. ವಸತಿಯ ಪ್ರದೇಶದಲ್ಲಿ ರಾತ್ರಿ ೪೫ ಡೆಸಿಬೆಲ್ಲಿಗೆ ಮೀರಕೂಡದೆಂದು ೨೦೦೦ದ ನಿಯಮಗಳಲ್ಲಿ ಬರೆದಿರುವುದು ಎರಡನೆಯ ಪಂಥದವರಿಗೆ ತಿಳಿದಂತೆ ಕಾಣಲಿಲ್ಲ. ಆ ಹುಡುಗನಿಗೆ ಇಪ್ಪತ್ತು ವರ್ಷವಿರಬಹುದು. ನಾವು ಅವನಿಗೆ ಏನೋ ಹೇಳಬೇಕೆಂದು ಎರಡು ಹೆಜ್ಜೆ ಹೋದೆವು, ಅವನಿಗೆ ಕೇಳಿಸುವಂತಿರಲಿಲ್ಲ.

ಹಿಂದಿರುಗುವಾಗ ಮದ್ದೂರಿನಲ್ಲಿ ವಡೆಗಾಗಿ ಹಳೆಯ ರಸ್ತೆಗೆ ಇಳಿದೆವು. ಗಾಡಿ ಎಷ್ಟು ಶಾಂತವಾಗಿದ್ದಿತೆಂದರೆ ಮನೆಯಾಕೆ ಹಿಂದಿನಿಂದ ಮೆಲ್ಲನೆ ಆಡಿದ ಮಾತೂ ಮುಂದಕ್ಕೆ ಬರುತ್ತಿದ್ದಿತು. ಎರಡನೆಯ ಅಂಕೆಯನ್ನು ಹಾಕಿದಾಗ ಅವಳು ಕಿವಿ ಮುಚ್ಚಿಕೊಂಡು, ಇದೇನು ಕರ್ಕಶ ಎಂದಳು. ಮಗನು ವಿಷಯವನ್ನು ತಿಳಿಸಿದನು. ಅವಳು ಸ್ವಲ್ಪ ಹೊತ್ತಿನ ಮೇಲೆ, ಇರಲಿ ಬಿಡು, ಅದೇ ಇರಲಿ ಎಂದಳು. ಮಂಡ್ಯ ದಾಟುವವರೆಗೂ ಹಾಗೆಯೇ ಕೇಳಿ, ಅವಳ ಮೇಲಣ ಕನಿಕರದಿಂದ ನಾವೇ ಒಂದನೆಯದಕ್ಕೆ ತಿರುಗಿಸಿದೆವು.

ಮುಂದಿನ ಸೋಮವಾರ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗನು ಕರೆದುಕೊಂಡು ಹೋದನು. ಅಲ್ಲಿ ಪ್ರತಿಧ್ವನಿಯಿಲ್ಲದ ಸಣ್ಣ ಕೊಠಡಿಯಲ್ಲಿ ಕೂರಿಸಿ, ಕಿವಿಗಳಿಗೆ ಹೆಡ್‌ಫೋನು ತೊಡಿಸಿ, ಕೇಳಿಸಿದಾಗಲೆಲ್ಲ ಗುಂಡಿಯೊತ್ತಿರೆಂದರು. ಪರೀಕ್ಷೆಗೆ ಕುಳಿತು ಎಷ್ಟೋ ವರ್ಷಗಳಾಗಿದ್ದುವು, ಅಂಗೈ ಬೆವರಿತು. ಕೊನೆಗೆ ಕೊಟ್ಟ ನಕ್ಷೆಯಲ್ಲಿ ಗೆರೆಯೊಂದು ಎರಡು ಸಾವಿರದವರೆಗೆ ಸಮವಾಗಿ ನಡೆದು, ಅಲ್ಲಿಂದ ಚಾಮುಂಡಿಬೆಟ್ಟದ ಮೆಟ್ಟಿಲುಗಳಂತೆ ಇಳಿದಿದ್ದಿತು. ಮಗನು ಫೋನನ್ನು ತೆಗೆದು ಗಾಡಿಯ ಎರಡನೆಯ ಅಂಕೆಯ ಗೆರೆಯನ್ನು ಪಕ್ಕದಲ್ಲಿ ಹಿಡಿದನು. ಅದು ಅಲ್ಲಿಂದಲೇ ಹತ್ತಿದ್ದಿತು. ನೋಡಿದ ತಜ್ಞೆಯು, ಇದನ್ನು ಯಾವ ಆಸ್ಪತ್ರೆಯಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಜೆ. ಸಿ. ರಸ್ತೆಯಲ್ಲಿ ಎಂದೆವು. ಶ್ರವಣಯಂತ್ರವು ಇನ್ನು ಹದಿನೈದು ದಿನಗಳಲ್ಲಿ ಬರುವುದು.

ಶಾಲೆಯ ಗುಮಾಸ್ತರಲ್ಲಿಗೆ ಹೋಗಿ, ನಮ್ಮ ಕಾಗದವೊಂದನ್ನು ಆ ಹುಡುಗಿಗೆ ತಲಪಿಸಬೇಕೆಂದು ಕೇಳಿದೆವು. ಅವಳು ಈಗ ಪಿ. ಯು. ಮೊದಲ ವರ್ಷದಲ್ಲಿರುವಳಂತೆ, ಸಂಸ್ಕೃತವನ್ನು ಬಿಟ್ಟಿರುವಳಂತೆ. ಏನಾಯಿತೆಂಬುದನ್ನು ಸ್ಪಷ್ಟವಾಗಿ ಬರೆಯಬೇಕೆಂದು ಕುಳಿತು ಎರಡು ಸಲ ಬರೆದು ಹರಿದುಹಾಕಿದೆವು. ಮೊದಲನೆಯದರಲ್ಲಿ ಡೆಸಿಬೆಲ್ಲುಗಳ ವಿವರ ಹೆಚ್ಚಾಗಿದ್ದಿತು. ಎರಡನೆಯದರಲ್ಲಿ ಶ್ಲೋಕ ಹೆಚ್ಚಾಗಿದ್ದಿತು. ಮೂರನೆಯದು ನಾಲ್ಕೇ ಸಾಲು. ನಿನ್ನೆ ಅದನ್ನು ಗುಮಾಸ್ತರ ಕೈಯಲ್ಲಿ ಕೊಟ್ಟು ಬಂದೆವು.